ಆಸ್ಟ್ರೇಲಿಯಾದ ಒಳನಾಡಿನ ಮೂಲನಿವಾಸಿಗಳ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸ್, ಡಾಕ್ಟರ್, ಟೀಚರ್, ಎಂಜಿನಿಯರ್ ಕೆಲಸಕ್ಕೆ ಆಸ್ಟ್ರೇಲಿಯಾಕ್ಕೆ ಬರುವ ಕನ್ನಡಿಗರಲ್ಲಿ ಕೆಲವರಿಗೆ ಡಾರ್ವಿನ್, ಆಲಿಸ್ ಸ್ಪ್ರಿಂಗ್ಸ್ ಕಡೆ ಪೋಸ್ಟಿಂಗ್ ಸಿಗುತ್ತದೆ. ಅಲ್ಲಿಂದ ಒಳನಾಡಿನ ಊರುಗಳನ್ನು ನೋಡಿ ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಕೇಳುತ್ತಾರೆ: ಇಷ್ಟು ಶ್ರೀಮಂತ ದೇಶದಲ್ಲಿ ಈ ಮನೆಗಳು ಯಾಕೆ ಹೀಗಿವೆ? ಅದರ ಹಿಂದೆಯೇ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ಕೆಲವು ಕಾಳಜಿಯಿಂದ ಕೇಳಿದವು, ಕೆಲವು ಯಾರೋ ಹೇಳಿದ್ದನ್ನು ಕೇಳಿ ಬಂದವು. ಎರಡಕ್ಕೂ ಉತ್ತರ ಕೊಡಲು ಪ್ರಯತ್ನಿಸಿದ್ದೇನೆ. ಇಲ್ಲಿ ಹೇಳುವುದು ಹೆಚ್ಚಾಗಿ ಈ ಎರಡೂ ಪಟ್ಟಣಗಳಿರುವ ನಾರ್ದರ್ನ್ ಟೆರಿಟರಿ ಎಂಬ ಪ್ರಾಂತ್ಯದ (ಮುಂದೆ ಬರೀ ಟೆರಿಟರಿ) ವಿಷಯ. ದಕ್ಷಿಣ ಆಸ್ಟ್ರೇಲಿಯಾ ಮತ್ತು ನ್ಯೂ ಸೌತ್ ವೇಲ್ಸ್ ಕೂಡ ಅಲ್ಲಲ್ಲಿ ಬರುತ್ತವೆ.

ದೂರದ ಊರು ಅಂದರೆ ಎಷ್ಟು ದೂರ?

ಉದಾಹರಣೆಗೆ ಕಿಂಟೋರ್. ಅಲ್ಲಿನ ಮೂಲನಿವಾಸಿಗಳಾದ ಪಿಂಟುಪಿ ಜನ ಅದನ್ನು ವಲುಂಗುರು ಎನ್ನುತ್ತಾರೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 530 ಕಿಲೋಮೀಟರ್, ಬಹುಪಾಲು ಮಣ್ಣಿನ ರಸ್ತೆ. ಕಿಂಟೋರ್‌ನಲ್ಲಿ ನಲ್ಲಿ ಕೆಟ್ಟರೆ ಪ್ಲಂಬರ್ ಬರಬೇಕಾದದ್ದು ಆಲಿಸ್‌ನಿಂದ. ಉತ್ತರದ ಆರ್ನೆಮ್ ಲ್ಯಾಂಡ್ ಕಡೆ ದೂರದ ಜೊತೆಗೆ ಮಳೆಯೂ ಸೇರುತ್ತದೆ. ಅಲ್ಲಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ರಸ್ತೆ ಮುಚ್ಚಿರುತ್ತದೆ. ಸಿಮೆಂಟು, ತಗಡು ಎಲ್ಲ ದೋಣಿಯಲ್ಲಿ ಬರಬೇಕು, ಜನ ಸಣ್ಣ ವಿಮಾನದಲ್ಲಿ ಬರಬೇಕು.

ಟೆರಿಟರಿ ಸರ್ಕಾರದ ಮನೆ ಯೋಜನೆಯೊಳಗೆ ಬರುವುದು ಇಂಥ 73 ಊರುಗಳು, ಜೊತೆಗೆ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಅಂಚಿನಲ್ಲಿರುವ ಟೌನ್ ಕ್ಯಾಂಪ್ ಎಂಬ ಮೂಲನಿವಾಸಿ ಬಡಾವಣೆಗಳು. ಇವನ್ನು ಬಿಟ್ಟು ನೂರಾರು ಹೋಮ್‌ಲ್ಯಾಂಡ್‌ಗಳಿವೆ. ಹೋಮ್‌ಲ್ಯಾಂಡ್ ಎಂದರೆ ಒಂದೋ ಎರಡೋ ಕುಟುಂಬಗಳು ತಮ್ಮ ಹಿರಿಯರ ನೆಲದಲ್ಲಿ ಕಟ್ಟಿಕೊಂಡ ಪುಟ್ಟ ನೆಲೆ.

ಮನೆಗಳ ಸ್ಥಿತಿ ನಿಜಕ್ಕೂ ಅಷ್ಟು ಕೆಟ್ಟದಾ?

ಹೌದು. ಹೆಲ್ತ್‌ಹ್ಯಾಬಿಟಾಟ್ ಎಂಬ ಸಂಸ್ಥೆ ದೇಶದ ಬೇರೆ ಬೇರೆ ಕಡೆ 7,000ಕ್ಕೂ ಹೆಚ್ಚು ಮೂಲನಿವಾಸಿ ಮನೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ಅದರ ಆಗಿನ ಮುಂದಾಳು, ವಾಸ್ತುಶಿಲ್ಪಿ ಪಾಲ್ ಫೊಲೆರಸ್ 2013ರಲ್ಲಿ ಲೆಕ್ಕ ಮುಂದಿಟ್ಟರು. ಮೊದಲ ಸಲ ಹೋದಾಗ ಸರಿಯಾಗಿ ಕೆಲಸ ಮಾಡುವ ಶವರ್ ಇದ್ದದ್ದು 35% ಮನೆಗಳಲ್ಲಿ. ಕೆಲಸ ಮಾಡುವ ಟಾಯ್ಲೆಟ್ 58% ಮನೆಗಳಲ್ಲಿ. ಕರೆಂಟಿನ ವೈರಿಂಗ್ ಅಪಾಯವಿಲ್ಲದಂತೆ ಇದ್ದದ್ದು ಬರೀ 10% ಮನೆಗಳಲ್ಲಿ.

ಇವು ಗುಡಿಸಲುಗಳಲ್ಲ. ಕಾಂಕ್ರೀಟ್ ಬ್ಲಾಕಿನ ಗೋಡೆ, ತಗಡಿನ ಸೂರು, ಮೂರು ನಾಲ್ಕು ಕೋಣೆಗಳ ಮನೆಗಳು. ಹೊರಗಿನಿಂದ ನೋಡಿದರೆ "ಪರವಾಗಿಲ್ವಲ್ಲ" ಅನಿಸುತ್ತದೆ. ಒಳಗೆ ಹೋಗಿ ಬಚ್ಚಲ ನಲ್ಲಿ ತಿರುಗಿಸಿದಾಗಲೇ ಗೊತ್ತಾಗುವುದು.

ಕೊಟ್ಟ ಮನೆಯನ್ನು ಅವರೇ ಒಡೆದು ಹಾಳು ಮಾಡುತ್ತಾರಂತೆ, ಹೌದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಆಸ್ಟ್ರೇಲಿಯಾದವರೂ ಕೇಳುತ್ತಾರೆ, ನಮ್ಮವರೂ ಕೇಳುತ್ತಾರೆ. ಉತ್ತರ: ಇಲ್ಲ.

ಅದೇ ಸಂಸ್ಥೆ ಮನೆಗಳಲ್ಲಿ ಕೆಟ್ಟಿದ್ದ ಪ್ರತಿಯೊಂದು ವಸ್ತುವಿಗೂ ಕಾರಣ ಬರೆದಿಟ್ಟಿತು. ಈ ಪೈಪ್ ಯಾಕೆ ಸೋರುತ್ತಿದೆ, ಈ ಸ್ವಿಚ್ ಯಾಕೆ ಸತ್ತಿದೆ ಎಂದು ರಿಪೇರಿ ಮಾಡಿದ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳೇ ಗುರುತು ಹಾಕಿದರು. ಒಟ್ಟು ಲೆಕ್ಕ ಹೀಗೆ ಬಂತು: 70% ದುರಸ್ತಿಗೆ ಕಾರಣ ದಿನನಿತ್ಯದ ನಿರ್ವಹಣೆ ಇಲ್ಲದ್ದು. 21% ಕಟ್ಟುವಾಗಲೇ ಮಾಡಿದ ಕಳಪೆ ಕೆಲಸ. ಮನೆಯವರ ದುರ್ಬಳಕೆ, ಒಡೆದು ಹಾಕುವುದು ಎಲ್ಲ ಸೇರಿ 9%.

ನೂರರಲ್ಲಿ ತೊಂಬತ್ತೊಂದು ಪಾಲು ತಪ್ಪು ಕಟ್ಟಿದವರದ್ದು ಮತ್ತು ನೋಡಿಕೊಳ್ಳಬೇಕಾದವರದ್ದು. ಆದರೂ ಐವತ್ತು ವರ್ಷದಿಂದ ಬೈಸಿಕೊಳ್ಳುತ್ತಿರುವವರು ಒಳಗೆ ವಾಸ ಮಾಡುವವರು. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ. ಯಾಕೆಂದರೆ ಈ ಒಂದು ತಪ್ಪು ನಂಬಿಕೆಯ ಮೇಲೆ ಯೋಜನೆಗಳನ್ನೇ ಮಾಡಿದ್ದಾರೆ. "ಅವರಿಗೆ ಮನೆ ಬಳಸುವುದು ಕಲಿಸಬೇಕು" ಎಂದು ತರಬೇತಿಗೆ ದುಡ್ಡು ಹೋಯಿತು. ವಾಷರ್ ಬದಲಿಸಲು ದುಡ್ಡು ಬರಲಿಲ್ಲ.

ಒಂದು ಬಚ್ಚಲುಮನೆಯನ್ನೇ ತೆಗೆದುಕೊಳ್ಳಿ. ಒಳನಾಡಿನಲ್ಲಿ ನೀರು ಬರುವುದು ಬೋರ್‌ನಿಂದ, ಬಹಳ ಗಡಸು ನೀರು. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಉಪ್ಪು ಕಟ್ಟಿ ವರ್ಷದೊಳಗೆ ಸುಟ್ಟು ಹೋಗುತ್ತದಲ್ಲ, ಅದೇ ಇಲ್ಲಿ ಇನ್ನೂ ಜೋರಾಗಿ ಆಗುತ್ತದೆ. ಬಿಸಿನೀರಿನ ಟ್ಯಾಂಕಿನ ಕಾಯಿಲ್ ಹೋಗುತ್ತದೆ. ಶವರ್ ಬಿಲ್ಲೆಯ ತೂತುಗಳು ಮುಚ್ಚುತ್ತವೆ. ನಲ್ಲಿಯ ಒಳಗೆ ಉಪ್ಪು ಕೂತು ತಿರುಗಿಸಲು ಬಲ ಬೇಕಾಗುತ್ತದೆ, ಬಲ ಹಾಕಿದರೆ ಹಿಡಿ ಮುರಿಯುತ್ತದೆ. ಹೊರಗಿನಿಂದ ಬಂದ ಕೆಂಪು ಮರಳು ಬಚ್ಚಲ ಮೋರಿಯಲ್ಲಿ ಕೂರುತ್ತದೆ. ನೀರು ನಿಲ್ಲುತ್ತದೆ. ಈಗ ಒಬ್ಬ ಅಧಿಕಾರಿ ಬಂದು ಮುರಿದ ಹಿಡಿ, ನಿಂತ ಕೊಳಕು ನೀರು ನೋಡಿ "ಒಡೆದು ಹಾಕಿದ್ದಾರೆ" ಎಂದು ಬರೆದುಕೊಂಡು ಹೋಗುತ್ತಾನೆ. ಆ ಮನೆಯಲ್ಲಿ ದಿನಕ್ಕೆ ಹದಿನೈದು ಜನ ಅದೇ ಒಂದು ನಲ್ಲಿ ತಿರುಗಿಸುತ್ತಿದ್ದರೆ ಯಾವ ನಲ್ಲಿ ಬಾಳುತ್ತದೆ ಹೇಳಿ.

ಇಷ್ಟು ವಿವರವಾದ ಲೆಕ್ಕ ಯಾರು, ಯಾಕೆ ಹಾಕಿದರು?

ಇದರ ಹಿಂದೆ ಇದ್ದವರು ಯಾಮಿ ಲೆಸ್ಟರ್ ಎಂಬ, ಯಂಕುನಿಟ್ಜಾಟ್ಜಾರ ಮೂಲನಿವಾಸಿ ಜನಾಂಗದ ಹಿರಿಯರು. 1953ರಲ್ಲಿ ಬ್ರಿಟಿಷರು ಈಮು ಫೀಲ್ಡ್‌ನಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಕಪ್ಪು ಮಂಜು ಬಂದು ತಮ್ಮ ಬೀಡಿನ ಮೇಲೆ ಕವಿಯಿತು ಎಂದು ಅವರು ಜೀವನಪೂರ್ತಿ ಹೇಳಿದರು. ಆಗ ಅವರು ಹುಡುಗ. ಮುಂದೆ ಎರಡೂ ಕಣ್ಣು ಕಳೆದುಕೊಂಡರು. 1985ರಲ್ಲಿ ಅವರು ದಕ್ಷಿಣ ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ ಮೂಲನಿವಾಸಿಗಳೇ ನಡೆಸುವ ಙಾನಂಪ ಹೆಲ್ತ್ ಕೌನ್ಸಿಲ್‌ನ ನಿರ್ದೇಶಕರಾಗಿದ್ದರು. ಕ್ಲಿನಿಕ್ ಚೆನ್ನಾಗಿ ನಡೆಯುತ್ತಿತ್ತು, ಔಷಧಿ ಇತ್ತು. ಆದರೂ ಅದೇ ಮಕ್ಕಳು ಅದೇ ಕಾಯಿಲೆ ಹೊತ್ತು ಮತ್ತೆ ಮತ್ತೆ ಬರುತ್ತಿದ್ದರು. ಲೆಸ್ಟರ್ ಮೂರು ಜನರನ್ನು ಕರೆಸಿದರು. ಒಬ್ಬರು ಡಾಕ್ಟರ್ ಪಾಲ್ ಟಾರ್ಜಿಲೊ, ಇನ್ನೊಬ್ಬರು ಪರಿಸರ ಆರೋಗ್ಯ ನೋಡುವ ಸ್ಟೆಫನ್ ರೈನೊ, ಮೂರನೆಯವರು ಮೇಲೆ ಹೇಳಿದ ವಾಸ್ತುಶಿಲ್ಪಿ ಫೊಲೆರಸ್. ಜನ ಕಾಯಿಲೆ ಬೀಳುವುದನ್ನೇ ನಿಲ್ಲಿಸಿ, ಇಷ್ಟೇ ಅವರಿಗೆ ಒಪ್ಪಿಸಿದ ಕೆಲಸ.

1987ರಲ್ಲಿ ವರದಿ ಬಂತು. ಆರೋಗ್ಯವಾಗಿರಲು ಮನೆಯಲ್ಲಿ ಏನೇನು ಮಾಡಲು ಸಾಧ್ಯವಾಗಬೇಕು ಎಂಬ ಒಂಬತ್ತು ಅಂಶಗಳನ್ನು ಅವರು ಸಾಲಾಗಿ ಇಟ್ಟರು. ಮೊದಲನೆಯದು ಮೈ ತೊಳೆಯುವುದು, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳದ್ದು. ಎರಡನೆಯದು ಬಟ್ಟೆ, ಹೊದಿಕೆ ಒಗೆಯುವುದು. ಮೂರನೆಯದು ಕೊಳೆ ನೀರು ಸರಿಯಾಗಿ ಹೊರಗೆ ಹೋಗುವುದು. ಆಮೇಲೆ ಅಡುಗೆ, ಜನದಟ್ಟಣೆ, ಪ್ರಾಣಿ ಮತ್ತು ಹುಳುಗಳ ಕಾಟ, ಧೂಳು, ಸೆಕೆ-ಚಳಿ, ಸಣ್ಣಪುಟ್ಟ ಗಾಯ. ಈ ಕ್ರಮವೂ ಸುಮ್ನೆ ಹಾಕಿದ್ದಲ್ಲ. ಯಾವುದರಿಂದ ಕಾಯಿಲೆ ಜಾಸ್ತಿ ತಪ್ಪುತ್ತದೋ ಅದು ಮೊದಲು. ದುಡ್ಡು ಕಡಿಮೆ ಇದ್ದಾಗ ಗೋಡೆಗೆ ಬಣ್ಣ ಬಳಿಯುವುದಕ್ಕಿಂತ ಮೊದಲು ಶವರ್ ಸರಿ ಮಾಡಿ ಎಂದು ಈ ಪಟ್ಟಿಯೇ ಹೇಳುತ್ತದೆ.

ಪರೀಕ್ಷೆ ಮಾಡುವುದು ಹೇಗೆ?

ಊರಿನವರೇ ತಂಡದಲ್ಲಿರುತ್ತಾರೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಮೂಲನಿವಾಸಿಗಳೇ. ಮನೆಯವರ ಒಪ್ಪಿಗೆ ಪಡೆದು ಒಳಗೆ ಹೋಗುತ್ತಾರೆ. ಪ್ರತಿ ನಲ್ಲಿ ತಿರುಗಿಸುತ್ತಾರೆ. ಬಿಸಿನೀರು ಎಷ್ಟು ಬಿಸಿ ಬರುತ್ತದೆ ಎಂದು ಥರ್ಮಾಮೀಟರ್ ಹಿಡಿದು ನೋಡುತ್ತಾರೆ. ಪ್ರತಿ ಪ್ಲಗ್‌ಗೂ ಟೆಸ್ಟರ್ ಚುಚ್ಚುತ್ತಾರೆ. ನೀರು ಬಿಟ್ಟು ಮೋರಿಯಲ್ಲಿ ಇಳಿಯುತ್ತದಾ ಎಂದು ಕಾಯುತ್ತಾರೆ. ಒಂದು ಮನೆಯಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ವಸ್ತುಗಳ ಪರೀಕ್ಷೆ ಆಗುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾಗುವ ನಿಯಮ ಒಂದಿದೆ. ರಿಪೇರಿ ಇಲ್ಲದೆ ಸರ್ವೆ ಇಲ್ಲ. ಎಷ್ಟೋ ಅಧಿಕಾರಿಗಳು, ಸಂಶೋಧಕರು ಬಂದು ಬರೆದುಕೊಂಡು ಹೋಗಿ ಜನರಿಗೆ ಸಾಕಾಗಿತ್ತು. ಹಾಗಾಗಿ ಮೊದಲ ದಿನವೇ ರಿಪೇರಿ ಶುರು. ಪ್ಲಂಬರ್, ಎಲೆಕ್ಟ್ರಿಷಿಯನ್ ತಂಡದ ಜೊತೆಗೇ ಬಂದಿರುತ್ತಾರೆ. ಜೀವಕ್ಕೆ ಅಪಾಯ ಇರುವ ವೈರಿಂಗ್ ಮೊದಲು, ಆಮೇಲೆ ಬಚ್ಚಲು, ಟಾಯ್ಲೆಟ್.

ಮನೆಗೂ ಕಾಯಿಲೆಗೂ ಅಷ್ಟೊಂದು ಸಂಬಂಧ ಇದೆಯಾ?

ಇದೆ. ಶವರ್ ಇಲ್ಲದ, ಬಟ್ಟೆ ಒಗೆಯಲಾಗದ, ಜನ ತುಂಬಿದ ಮನೆಯಲ್ಲಿ ತುರಿಕಜ್ಜಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಕೆರೆದ ಜಾಗ ಹುಣ್ಣಾಗುತ್ತದೆ. ಆ ಹುಣ್ಣಿನಲ್ಲಿ, ಗಂಟಲಿನಲ್ಲಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾ ಕೂರುತ್ತದೆ. ಅದು ಮತ್ತೆ ಮತ್ತೆ ಬಂದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ, ಹೃದಯದ ಕವಾಟ ಹಾಳಾಗುತ್ತದೆ. ಆಮೇಲೆ ಆ ಮಗು ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳಬೇಕು, ಅದೂ ವರ್ಷಗಟ್ಟಲೆ. ಕೆಲವರಿಗೆ ಹೃದಯದ ಆಪರೇಷನ್ ಬೇಕಾಗುತ್ತದೆ. ಸಿಡ್ನಿ, ಮೆಲ್ಬರ್ನ್‌ನ ಮಕ್ಕಳಲ್ಲಿ ಈ ಕಾಯಿಲೆ ಬಹಳ ಅಪರೂಪ. ಟೆರಿಟರಿಯ ಮೂಲನಿವಾಸಿ ಮಕ್ಕಳಲ್ಲಿ ಇದರ ಪ್ರಮಾಣ ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ಕಡೆಗಳಲ್ಲಿ ಒಂದು.

ಕಣ್ಣಿನ ಟ್ರಕೋಮ, ಕಿವಿ ಸೋರುವುದು, ಭೇದಿ, ನ್ಯುಮೋನಿಯಾ ಎಲ್ಲದರ ಹಿಂದೆಯೂ ಇದೇ ಕಥೆ. ಕಿವಿ ಸೋರಿ ಸೋರಿ ಕೇಳುವುದು ಕಡಿಮೆಯಾದ ಮಗುವಿಗೆ ಟೀಚರ್ ಹೇಳುವುದು ಕೇಳಿಸುವುದಿಲ್ಲ. ಅದನ್ನು "ಓದಿನಲ್ಲಿ ಆಸಕ್ತಿ ಇಲ್ಲ" ಎಂದು ರಿಪೋರ್ಟ್ ಕಾರ್ಡಿನಲ್ಲಿ ಬರೆಯುತ್ತಾರೆ.

ರಿಪೇರಿ ಮಾಡಿದರೆ ಪ್ರಯೋಜನ ಆಗುತ್ತದಾ ಎಂದು ನ್ಯೂ ಸೌತ್ ವೇಲ್ಸ್ ಆರೋಗ್ಯ ಇಲಾಖೆ ಹತ್ತು ವರ್ಷದ ಲೆಕ್ಕ ತೆಗೆದು 2010ರಲ್ಲಿ ಪ್ರಕಟಿಸಿತು. ಹೀಗೆ ರಿಪೇರಿ ಆದ ಮನೆಗಳವರು ಸೋಂಕು ಕಾಯಿಲೆಗಾಗಿ ಆಸ್ಪತ್ರೆ ಸೇರುವುದು, ರಿಪೇರಿ ಆಗದ ಮನೆಗಳ ಮೂಲನಿವಾಸಿಗಳಿಗೆ ಹೋಲಿಸಿದರೆ, 40% ಕಡಿಮೆ ಇತ್ತು. ಹೊಸ ಮಾತ್ರೆ ಕಂಡುಹಿಡಿದು ಇಷ್ಟು ಫಲ ಬಂದಿದ್ದರೆ ದೇಶದ ತುಂಬ ಸುದ್ದಿಯಾಗುತ್ತಿತ್ತು, ಅಲ್ವಾ?

ಒಂದು ಮನೆಯಲ್ಲಿ ಇಷ್ಟೊಂದು ಜನ ಯಾಕೆ? ಅವರ ಪದ್ಧತಿಯೇ ಹಾಗಾ?

ಒಟ್ಟಿಗಿರುವುದು ಅವರ ಪದ್ಧತಿ, ನಿಜ. ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಅಕ್ಕನ ಸಂಸಾರ ಎಲ್ಲ ಒಂದೇ ಕಡೆ ಇರಲು ಬಯಸುತ್ತಾರೆ. ಸಾವಾದಾಗ ದೂರದಿಂದ ನೆಂಟರು ಬಂದು ವಾರಗಟ್ಟಲೆ ಉಳಿಯುತ್ತಾರೆ. ಸಾವಾದ ಮನೆಯನ್ನು ಕೆಲವು ಕಾಲ ಖಾಲಿ ಬಿಡುವ ಪದ್ಧತಿಯೂ ಹಲವು ಕಡೆ ಇದೆ. ಆಗ ಆ ಮನೆಯವರು ಪಕ್ಕದವರ ಮನೆ ಸೇರುತ್ತಾರೆ. ಕೂಡುಕುಟುಂಬ ಕಂಡ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಆದರೆ ಮೂರು ಕೋಣೆಯಲ್ಲಿ ಹದಿನೈದು ಇಪ್ಪತ್ತು ಜನ ಇರುವುದು ಯಾರೂ ಇಷ್ಟಪಟ್ಟು ಆರಿಸಿಕೊಂಡದ್ದಲ್ಲ. ಮನೆಗಳೇ ಸಾಲುವುದಿಲ್ಲ. ಮದುವೆಯಾದ ಜೋಡಿ ಹೊಸ ಮನೆಗಾಗಿ ವರ್ಷಗಟ್ಟಲೆ ಕಾಯುತ್ತದೆ. 2021ರ ಜನಗಣತಿಯಲ್ಲಿ ಟೆರಿಟರಿಯ ಪ್ರತಿ 10,000 ಜನರಲ್ಲಿ 564 ಮಂದಿ ಮನೆಯಿಲ್ಲದವರು ಎಂದು ಲೆಕ್ಕವಾಯಿತು. ಇಡೀ ದೇಶದ ಲೆಕ್ಕ 10,000ಕ್ಕೆ 48. ಈ 564ರಲ್ಲಿ ಹೆಚ್ಚಿನವರು ರಸ್ತೆ ಬದಿ ಮಲಗಿದವರಲ್ಲ. ಇನ್ನೂ ನಾಲ್ಕು ಕೋಣೆ ಬೇಕಾಗುವಷ್ಟು ಜನ ತುಂಬಿದ ಮನೆಯಲ್ಲಿರುವವರನ್ನೂ ಆಸ್ಟ್ರೇಲಿಯಾದ ಗಣತಿ ಮನೆಯಿಲ್ಲದವರು ಎಂದೇ ಎಣಿಸುತ್ತದೆ. ಅದು ಸರಿಯಾದ ಎಣಿಕೆ ಎಂದೇ ನನ್ನ ಅಭಿಪ್ರಾಯ.

ಮನೆ ಯಾರದ್ದು? ಅವರೇ ಕಟ್ಟಿಕೊಳ್ಳಬಾರದಾ?

1976ರ ಭೂಹಕ್ಕು ಕಾಯ್ದೆಯಿಂದಾಗಿ ಟೆರಿಟರಿಯ ಸುಮಾರು ಅರ್ಧ ಭೂಮಿ ಇವತ್ತು ಮೂಲನಿವಾಸಿಗಳ ಹೆಸರಲ್ಲಿದೆ. ಅದು ಸಮುದಾಯದ ಭೂಮಿ, ಮಾರುವಂತಿಲ್ಲ. ಹಾಗಾಗಿ ಬ್ಯಾಂಕು ಅದರ ಮೇಲೆ ಸಾಲ ಕೊಡುವುದಿಲ್ಲ. ಸಂಬಳದ ಕೆಲಸಗಳೂ ಕಡಿಮೆ.

ಮೊದಲು ಊರಿನದೇ ಮನೆ ಸಂಘಗಳು ಮನೆ ನೋಡಿಕೊಳ್ಳುತ್ತಿದ್ದವು. 2007ರಲ್ಲಿ ಕೇಂದ್ರ ಸರ್ಕಾರ "ಇಂಟರ್‌ವೆನ್ಷನ್" (ಮಧ್ಯಪ್ರವೇಶ) ಎಂದು ಸೈನ್ಯದ ನೆರವಿನೊಂದಿಗೆ ಈ ಊರುಗಳಿಗೆ ಬಂತು. ಊರುಗಳ ಜಾಗವನ್ನು ಐದು ವರ್ಷಕ್ಕೆ ಕಡ್ಡಾಯವಾಗಿ ಗುತ್ತಿಗೆಗೆ ತೆಗೆದುಕೊಂಡಿತು. ಆಮೇಲೆ ಹೊಸ ಮನೆ ಬೇಕಿದ್ದರೆ ದೀರ್ಘ ಗುತ್ತಿಗೆಗೆ, ಸಾಮಾನ್ಯವಾಗಿ 40 ವರ್ಷಕ್ಕೆ, ಜಾಗ ಬಿಟ್ಟುಕೊಡಬೇಕು ಎಂಬ ಷರತ್ತು ಬಂತು. ಹೀಗೆ ಟೆರಿಟರಿ ಸರ್ಕಾರ ಮನೆ ಮಾಲೀಕ, ಜನ ಬಾಡಿಗೆದಾರರು. 2023ರಲ್ಲಿ ಬಾಡಿಗೆಯನ್ನು ಕೋಣೆ ಲೆಕ್ಕಕ್ಕೆ ತಂದರು. ಆ ಹೊಸ ಪದ್ಧತಿಯಲ್ಲಿ ಒಂದು ಮಲಗುವ ಕೋಣೆಗೆ ವಾರಕ್ಕೆ 70 ಡಾಲರ್, ಗರಿಷ್ಠ 280 ಡಾಲರ್ ಎಂದು ಗೊತ್ತುಮಾಡಿದರು. ಶವರ್ ಕೆಲಸ ಮಾಡಲಿ ಬಿಡಲಿ, ಬಾಡಿಗೆ ಬಾಡಿಗೆಯೇ.

ಇದೆಲ್ಲ ಶುರುವಾದದ್ದು ಯಾವಾಗ?

ಕ್ರೈಸ್ತ ಮಿಷನ್‌ಗಳು, ಸರ್ಕಾರಿ ಕ್ಯಾಂಪ್‌ಗಳು, ದನದ ಸ್ಟೇಷನ್‌ಗಳು (ದನ ಸಾಕುವ ಭಾರಿ ಜಮೀನುಗಳು) ಈ ಮೂರರಿಂದ. ತಲೆಮಾರುಗಳಿಂದ ಋತುಮಾನ ನೋಡಿ ಜಾಗ ಬದಲಿಸಿ ಬದುಕುತ್ತಿದ್ದವರನ್ನು ಒಂದೇ ಕಡೆ ಕೂಡಿಹಾಕಲಾಯಿತು. 1950-60ರ ದಶಕದಲ್ಲಿ ಸರ್ಕಾರ ಅಲ್ಯೂಮಿನಿಯಂ ತಗಡಿನ ಒಂಟಿ ಕೋಣೆಗಳನ್ನು ಸಾಲಾಗಿ ಕಟ್ಟಿಸಿತು. ಒಳಗೆ ನೀರಿಲ್ಲ, ಅಡುಗೆಮನೆ ಇಲ್ಲ. ಬೇಸಿಗೆಯಲ್ಲಿ ಒಳಗೆ ಕಾಲಿಡಲಾಗದು. ಇಲ್ಲಿ "ಚೆನ್ನಾಗಿ" ಬದುಕಿ ತೋರಿಸಿದವರಿಗೆ ಮುಂದಿನ ಹಂತದ ಮನೆ ಎಂಬುದು ಆಗಿನ ನೀತಿ.

ದನದ ಸ್ಟೇಷನ್‌ಗಳಲ್ಲಿ ಸ್ಥಿತಿ ಇನ್ನೂ ಕೀಳು. 1966ರಲ್ಲಿ ವೇವ್ ಹಿಲ್ ಸ್ಟೇಷನ್‌ನಿಂದ ಗುರಿಂಜಿ ಜನ ವಿನ್ಸೆಂಟ್ ಲಿಂಗಿಯಾರಿ ಅವರ ಮುಂದಾಳತ್ವದಲ್ಲಿ ಕೆಲಸ ಬಿಟ್ಟು ಹೊರನಡೆದರು. ಅದನ್ನು ಕೂಲಿಗಾಗಿ, ಭೂಮಿಗಾಗಿ ನಡೆದ ಹೋರಾಟ ಎಂದು ನೆನಪಿಸಿಕೊಳ್ಳುತ್ತಾರೆ, ಸರಿಯೇ. ಆದರೆ ನೆಲದ ಮೇಲೆ ತೆವಳಿ ಒಳಗೆ ಹೋಗಬೇಕಾದ ತಗಡಿನ ಗೂಡುಗಳೂ ಆ ಸಿಟ್ಟಿನಲ್ಲಿ ಇದ್ದವು. ಅದೇ ವರ್ಷ ಸಮಾನ ಕೂಲಿಯ ತೀರ್ಪು ಬಂತು, 1968ರ ಕೊನೆಗೆ ಜಾರಿಯಾಯಿತು. ಎಷ್ಟೋ ಸ್ಟೇಷನ್ ಮಾಲೀಕರು ಸಮಾನ ಕೂಲಿ ಕೊಡುವ ಬದಲು ಜನರನ್ನೇ ಹೊರಗಟ್ಟಿದರು. ಅವರೆಲ್ಲ ಬಂದು ಸೇರಿದ್ದು ಮೊದಲೇ ಮನೆ ಸಾಲದಿದ್ದ ಊರುಗಳಿಗೆ, ಪಟ್ಟಣದ ಅಂಚಿಗೆ.

ಕರೆಂಟ್ ಇದೆಯಲ್ಲ? ಏಸಿ ಹಾಕಿಕೊಳ್ಳಬಹುದಲ್ಲ?

ಕರೆಂಟ್ ಇದೆ, ಆದರೆ ಪ್ರಿಪೇಯ್ಡ್. ಮೊಬೈಲಿನಂತೆ ಮೊದಲೇ ದುಡ್ಡು ಹಾಕಿಸಬೇಕು. ದುಡ್ಡು ಮುಗಿದರೆ ಕರೆಂಟ್ ಹೋಯಿತು. ಫ್ರಿಜ್‌ನಲ್ಲಿಟ್ಟ ಇನ್ಸುಲಿನ್, ಮಕ್ಕಳ ಹಾಲು ಎಲ್ಲವೂ ಅದರ ಜೊತೆಗೆ ಹೋಗುತ್ತದೆ. 28 ಊರುಗಳ ಸುಮಾರು 3,300 ಮನೆಗಳ 2018-19ರ ಮೀಟರ್ ಲೆಕ್ಕವನ್ನು ಸಂಶೋಧಕರು ನೋಡಿದರು. 91% ಮನೆಗಳಲ್ಲಿ ಆ ವರ್ಷ ಒಮ್ಮೆಯಾದರೂ ಕರೆಂಟ್ ಕಡಿತವಾಗಿತ್ತು. 74% ಮನೆಗಳಲ್ಲಿ ಹತ್ತಕ್ಕಿಂತ ಹೆಚ್ಚು ಸಲ. ಕಡಿತ ಜಾಸ್ತಿ ಆಗುವುದು ಅತಿ ಸೆಕೆ, ಅತಿ ಚಳಿಯ ದಿನಗಳಲ್ಲಿ, ಅಂದರೆ ಬೇಕೇ ಬೇಕಾದ ದಿನ.

ಬ್ಲಾಕಿನ ಗೋಡೆ ಹಗಲೆಲ್ಲ ಕಾದು ರಾತ್ರಿಯೂ ಬಿಸಿ ಬಿಡುತ್ತದೆ. ಅದಕ್ಕೇ ಜನ ಹಾಸಿಗೆ ಹೊರಗೆಳೆದು ಜಗಲಿಯಲ್ಲಿ ಮಲಗುತ್ತಾರೆ. ಅದನ್ನು ನೋಡಿದ ಹೊರಗಿನವರು "ಮನೆ ಕೊಟ್ಟರೂ ಹೊರಗೆ ಮಲಗುತ್ತಾರೆ" ಎನ್ನುತ್ತಾರೆ. ಅಲ್ಲಿ ಕಡುಬೇಸಿಗೆಯಾದ ಜನವರಿಯ ಒಂದು ರಾತ್ರಿ ಆ ಕೋಣೆಯೊಳಗೆ ಫ್ಯಾನ್ ಇಲ್ಲದೆ ಮಲಗಿ ನೋಡಬೇಕು.

ಕುಡಿಯುವ ನೀರು ಹೇಗಿದೆ?

ಊರಿನಿಂದ ಊರಿಗೆ ಬೇರೆ. ಆಲಿಸ್‌ನಿಂದ ವಾಯವ್ಯಕ್ಕಿರುವ ಲರಾಂಬದಲ್ಲಿ ನೆಲದೊಳಗಿನ ಯುರೇನಿಯಂ ಬೋರ್ ನೀರಿಗೆ ಸೇರಿ, ಆಗಿನ ಮಿತಿಯ ಹೆಚ್ಚುಕಮ್ಮಿ ಮೂರು ಪಟ್ಟು ಇತ್ತು. ಜನ ವರ್ಷಗಟ್ಟಲೆ ದೂರು ಕೊಟ್ಟರು, ಟ್ರಿಬ್ಯೂನಲ್‌ಗೂ ಹೋದರು. ಶುದ್ಧೀಕರಣ ಘಟಕ ಬಂದದ್ದು 2023ರಲ್ಲಿ.

ಜನ ಕೋರ್ಟಿಗೆ ಹೋಗಲಿಲ್ಲವಾ?

ಹೋದರು, ಗೆದ್ದರು. ಆಲಿಸ್‌ನಿಂದ ಆಗ್ನೇಯಕ್ಕೆ ಸುಮಾರು 80 ಕಿಲೋಮೀಟರ್ ದೂರದ ಸಾಂತಾ ತೆರೇಸಾದಲ್ಲಿ ಸುಮಾರು 70 ಮನೆಗಳವರು 2016ರಲ್ಲಿ ತಮ್ಮ ಮಾಲೀಕನಾದ ಸರ್ಕಾರದ ಮೇಲೆ ದಾವೆ ಹಾಕಿದರು. ಕಟ್ಟಿಕೊಂಡ ಟಾಯ್ಲೆಟ್, ಸೋರುವ ಪೈಪ್, ಕೆಟ್ಟ ಒಲೆ, ಇಂಥವೇ ದೂರುಗಳು. ಒಬ್ಬ ಹಿರಿಯ ಹೆಂಗಸಿನ ಮನೆಗೆ ಐದು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಗಿಲೇ ಇರಲಿಲ್ಲ. ರಾತ್ರಿ ಯಾರು ಬೇಕಾದರೂ, ಯಾವ ಪ್ರಾಣಿ ಬೇಕಾದರೂ ಒಳಗೆ ಬರಬಹುದು. ಅಲ್ಲಿ ನೆಮ್ಮದಿಯಾಗಿ ನಿದ್ದೆ ಬರುವುದಾದರೂ ಹೇಗೆ?

ದಾವೆ ಟ್ರಿಬ್ಯೂನಲ್, ಟೆರಿಟರಿಯದೇ ಸುಪ್ರೀಂ ಕೋರ್ಟ್, ಅಪೀಲು ಕೋರ್ಟ್ ಎಲ್ಲ ದಾಟಿತು. ವಾಸಯೋಗ್ಯ ಮನೆ ಎಂದರೆ ಬರೀ ಪ್ರಾಣಾಪಾಯ ಇಲ್ಲದ ಮನೆಯಲ್ಲ, ಮನುಷ್ಯರು ತಕ್ಕಮಟ್ಟಿಗೆ ಹಿತವಾಗಿ ಇರಬಲ್ಲ ಮನೆ ಎಂದು ಟೆರಿಟರಿಯ ಕೋರ್ಟುಗಳು ಒಪ್ಪಿದವು. 2023ರ ನವೆಂಬರ್‌ನಲ್ಲಿ ದೇಶದ ಅತ್ಯುನ್ನತ ಕೋರ್ಟಾದ ಹೈಕೋರ್ಟ್, ಬಾಗಿಲಿಲ್ಲದೆ ಆ ಹೆಂಗಸು ಪಟ್ಟ ಆತಂಕಕ್ಕೂ ಮಾಲೀಕ ಪರಿಹಾರ ಕೊಡಬೇಕು ಎಂದಿತು. ಬಾಡಿಗೆ ಕಾಯ್ದೆ ಟೆರಿಟರಿಯ ಎಲ್ಲ ಬಾಡಿಗೆದಾರರಿಗೂ ಒಂದೇ. ಹಾಗಾಗಿ ಡಾರ್ವಿನ್‌ನಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮವರಿಗೂ ಆ ತಾಯಿಯ ಹಟದಿಂದ ಲಾಭವಾಗಿದೆ.

ಸರ್ಕಾರ ಕೋಟಿಗಟ್ಟಲೆ ಸುರಿಯುತ್ತಿದೆಯಲ್ಲ, ಎಲ್ಲಿಗೆ ಹೋಯಿತು?

ಸುರಿದದ್ದು ನಿಜ. 2008ರಿಂದ 2018ರವರೆಗಿನ ರಾಷ್ಟ್ರೀಯ ಯೋಜನೆಗೆ ಸುಮಾರು 5.4 ಬಿಲಿಯನ್ ಡಾಲರ್ ಖರ್ಚಾಯಿತು. ಆ ದುಡ್ಡಿನಲ್ಲಿ ಸುಮಾರು 4,000 ಹೊಸ ಮನೆ, 7,500 ಮನೆಗಳ ದುರಸ್ತಿ ಆಯಿತು. ಇಕ್ಕಟ್ಟು ಸ್ವಲ್ಪ ಕಡಿಮೆಯೂ ಆಯಿತು. ಆದರೆ 2028ರೊಳಗೆ ಇನ್ನೂ 5,500 ಮನೆ ಬೇಕು ಎಂದು 2017ರ ಸರ್ಕಾರಿ ಪರಿಶೀಲನೆಯೇ ಹೇಳಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಮತ್ತು ಟೆರಿಟರಿ ಸೇರಿ ಹತ್ತು ವರ್ಷಕ್ಕೆ 4 ಬಿಲಿಯನ್ ಡಾಲರ್ ಘೋಷಿಸಿದವು. ವರ್ಷಕ್ಕೆ 270 ಮನೆ ಕಟ್ಟುವ ಗುರಿ.

ಒಳ್ಳೆಯದೇ. ಆದರೆ ಹೊಸ ಮನೆಗೆ ರಿಬ್ಬನ್ ಕತ್ತರಿಸಿದ ಮಾರನೇ ದಿನದಿಂದ ಅದರ ವಾಷರ್, ಕಾಯಿಲ್, ಮೋರಿಗೆ ದುಡ್ಡು ಬೇಕು, ಹತ್ತಿರದಲ್ಲಿ ಕೆಲಸಗಾರ ಬೇಕು. ಸಣ್ಣ ರಿಪೇರಿಗೆ ಊರಿನ ಹುಡುಗ ಹುಡುಗಿಯರನ್ನೇ ತರಬೇತಿ ಕೊಟ್ಟು ಕಾಯಂ ಸಂಬಳದ ಮೇಲೆ ಇಟ್ಟರೆ, ಮೋರಿ ಕಟ್ಟಿಕೊಂಡಿದ್ದಕ್ಕೆ 300 ಕಿಲೋಮೀಟರ್‌ನಿಂದ ವ್ಯಾನ್ ಕರೆಸುವ ಖರ್ಚು ಉಳಿಯುತ್ತದೆ. ನನ್ನ ಕೇಳಿದರೆ, ಪ್ರತಿ ಹೊಸ ಮನೆಯ ಬಜೆಟ್ ಜೊತೆ ಅದರ ಮುಂದಿನ ಇಪ್ಪತ್ತು ವರ್ಷದ ರಿಪೇರಿಯ ಬಜೆಟ್ಟೂ ಪಾಸಾಗಬೇಕು.

ಎಲ್ಲರೂ ಪಟ್ಟಣಕ್ಕೆ ಬಂದುಬಿಡಬಾರದಾ?

2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಕಾಲಿನ್ ಬಾರ್ನೆಟ್ 150ರವರೆಗೂ ಸಣ್ಣ ಊರುಗಳನ್ನು ಮುಚ್ಚಬಹುದು ಎಂದರು. ಮಾರನೇ ವರ್ಷ ಪ್ರಧಾನಿ ಟೋನಿ ಅಬಾಟ್, ಅಲ್ಲಿ ಬದುಕುವುದು ಜೀವನಶೈಲಿಯ ಆಯ್ಕೆ, ಅದಕ್ಕೆ ಜನರ ತೆರಿಗೆ ದುಡ್ಡು ಕೊಡುತ್ತಲೇ ಇರಲಾಗದು ಎಂಬ ಅರ್ಥದ ಮಾತಾಡಿದರು. ದೇಶದ ತುಂಬ ಮೆರವಣಿಗೆಗಳಾದವು.

ಆ ನೆಲ ಅವರಿಗೆ ಸುಮ್ನೆ ಒಂದು ವಿಳಾಸವಲ್ಲ. ಭಾಷೆ, ಹಾಡು, ಆಚರಣೆ, ಸತ್ತ ಹಿರಿಯರು ಎಲ್ಲ ಅಲ್ಲಿದ್ದಾರೆ. ಕಿಂಟೋರ್‌ನ ಹಿರಿಯರು ಡಯಾಲಿಸಿಸ್‌ಗಾಗಿ ಆಲಿಸ್‌ನಲ್ಲಿ ಒಂಟಿಯಾಗಿ ಉಳಿಯಬೇಕಾದಾಗ ಅಲ್ಲಿನ ಕಲಾವಿದರು ಚಿತ್ರ ಬರೆದು, 2000ದಲ್ಲಿ ಸಿಡ್ನಿಯಲ್ಲಿ ಹರಾಜು ಹಾಕಿ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚು ಕೂಡಿಸಿದರು. ಡಯಾಲಿಸಿಸ್ ಯಂತ್ರ ಊರಿಗೇ ಬಂತು. ಇಂದು ಪರ್ಪಲ್ ಹೌಸ್ ಎಂಬ ಸಂಸ್ಥೆ ಆ ಕೆಲಸವನ್ನು ಅನೇಕ ಊರುಗಳಲ್ಲಿ ನಡೆಸುತ್ತಿದೆ. ಊರಿನಲ್ಲಿರಲು ಜನ ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆರೋಗ್ಯದ ಲೆಕ್ಕವೂ ಅವರ ಕಡೆಗಿದೆ. ಆಲಿಸ್‌ನ ಈಶಾನ್ಯಕ್ಕಿರುವ ಯುಟೋಪಿಯ ಹೋಮ್‌ಲ್ಯಾಂಡ್‌ಗಳಲ್ಲಿ ಚದುರಿ ಬದುಕುವವರ ಸಾವಿನ ಪ್ರಮಾಣ ಟೆರಿಟರಿಯ ಒಟ್ಟು ಮೂಲನಿವಾಸಿಗಳಿಗಿಂತ ಕಡಿಮೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇನ್ನು ಪಟ್ಟಣಕ್ಕೆ ಬಂದರೆ ಮನೆ ಎಲ್ಲಿದೆ? ಅಲ್ಲೂ ಅದೇ ಕಾಯುವ ಪಟ್ಟಿ, ಅದೇ ತುಂಬಿದ ಟೌನ್ ಕ್ಯಾಂಪ್.

ನಾಯಿಗಳು ಬಹಳ ಇರುತ್ತವಂತೆ. ಕಜ್ಜಿ ಅವುಗಳಿಂದ ಬರುವುದಾ?

ಅಲ್ಲ. ನಾಯಿಯ ಕಜ್ಜಿ ಹುಳು ಬೇರೆ, ಮನುಷ್ಯರದ್ದು ಬೇರೆ. ಮಕ್ಕಳಿಗೆ ಕಜ್ಜಿ ಬರುವುದು ಮನುಷ್ಯರಿಂದಲೇ.

ಹಾಗಾದರೆ ಒಳ್ಳೆಯ ಮನೆ ಹೇಗಿರಬೇಕು?

ಅಲ್ಲಿರುವವರನ್ನು ಕೇಳಿ ಕಟ್ಟಿದ ಮನೆಯಾಗಿರಬೇಕು. ಟೆನಂಟ್ ಕ್ರೀಕ್‌ನಲ್ಲಿ ವರುಮುಂಗು ಹಿರಿಯರಾದ ನಾರ್ಮನ್ ಫ್ರಾಂಕ್ ಜುಪುರುರ್ಲ ಮತ್ತು ಡಾಕ್ಟರ್ ಸೈಮನ್ ಕ್ವಿಲ್ಟಿ ಸೇರಿ ವಿಲ್ಯ ಜಂತ ಎಂಬ ಸಂಸ್ಥೆ ಕಟ್ಟಿದ್ದಾರೆ. ಅವರು ಕೇಳುವುದು ಸರಳ. ಗಾಳಿ ಬರುವ ದಿಕ್ಕಿಗೆ ಅಗಲವಾದ ಜಗಲಿ, ಹೊರಗೆ ಮಲಗಲು ನೆರಳು ಮತ್ತು ಮರೆ, ಸೌದೆ ಹಚ್ಚಿ ಅಡುಗೆ ಮಾಡಲು ಜಾಗ. ಅಳಿಯ-ಅತ್ತೆ ಎದುರುಬದುರಾಗಬಾರದು ಎಂಬ ನಿಯಮ ಅಲ್ಲಿ ಬಿಗಿ. ಆದ್ದರಿಂದ ಒಬ್ಬರ ಕಣ್ಣಿಗೊಬ್ಬರು ಬೀಳದೆ ಓಡಾಡಲು ಎರಡು ದಾರಿ ಬೇಕು.

ಇದರ ಜೊತೆಗೆ ಕಬ್ಬಿಣದಂಥ ಕೆಲವು ಸಂಗತಿಗಳು: ಕನಿಷ್ಠ ಎರಡು ಬಚ್ಚಲು, ಎರಡು ಟಾಯ್ಲೆಟ್, ಅದರಲ್ಲಿ ಒಂದು ಹೊರಗಿನಿಂದಲೂ ಹೋಗುವಂಥದ್ದು. ದಪ್ಪ ಪೈಪ್. ಗಡಸು ನೀರಿಗೆ ತಡೆಯುವ ಕಾಯಿಲ್. ಬಿಡಿಭಾಗ ಹತ್ತಿರದಲ್ಲೇ ಸಿಗುವ ನಲ್ಲಿ. ಇವೆಲ್ಲ ಹೊಸ ಕಲ್ಪನೆಗಳೇನಲ್ಲ. 1999ರಲ್ಲೇ ಇದನ್ನೆಲ್ಲ ವಿವರಿಸಿದ ರಾಷ್ಟ್ರೀಯ ಕೈಪಿಡಿ ಸರ್ಕಾರದಿಂದ ಬಂದಿತ್ತು.

ನಮ್ಮ ಕರ್ನಾಟಕದ ಹಾಡಿಗಳದ್ದೂ ಇದೇ ಕಥೆಯಲ್ಲವಾ?

ಕೆಲವು ಸಾಲುಗಳು ಒಂದೇ. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರಿಗೂ ಯಾರೋ ಬರೆದ ನಕ್ಷೆಯ ಸಾಲುಮನೆ ಸಿಕ್ಕಿತು. ಜೇನುಕುರುಬರು ಮತ್ತು ಕೊರಗರಿಗೆ 2023ರ ನವೆಂಬರ್‌ನಲ್ಲಿ ಶುರುವಾದ, ಕೇಂದ್ರ ಸರ್ಕಾರದ ಪಿಎಂ-ಜನಮನ್ ಯೋಜನೆಯಲ್ಲಿ ಈಗ ಮನೆಗಳು ಮಂಜೂರಾಗುತ್ತಿವೆ. ವ್ಯತ್ಯಾಸ ಎಂದರೆ ನಮ್ಮಲ್ಲಿ ಕಟ್ಟಿದ ಮನೆ ಕುಟುಂಬದ್ದೇ, ಸರ್ಕಾರ ಮಾಲೀಕನಲ್ಲ. ರಿಪೇರಿಯೂ ಅವರದ್ದೇ ತಲೆಮೇಲೆ. ಮನೆ ಎಷ್ಟು ಕಟ್ಟಿದಿರಿ ಎಂದು ಕೇಳುವಾಗ, ಮೂರು ವರ್ಷದ ಹಿಂದೆ ಕಟ್ಟಿದ್ದರಲ್ಲಿ ಎಷ್ಟು ಮನೆಯ ಸೂರು ಸೋರುತ್ತಿಲ್ಲ ಎಂದೂ ನಮ್ಮ ಅಧಿಕಾರಿಗಳನ್ನು ಕೇಳಬೇಕು.

ನಾನು ಅಲ್ಲಿ ನರ್ಸ್ ಆಗಿ ಸೇರುತ್ತಿದ್ದೇನೆ. ನನ್ನ ಕೈಲಿ ಏನಾಗುತ್ತದೆ?

ಬಹಳ ಆಗುತ್ತದೆ. ಮಗು ಚರ್ಮದ ಹುಣ್ಣಿನೊಂದಿಗೆ ಬಂದರೆ ಮುಲಾಮು ಕೊಡುವ ಮೊದಲು ತಾಯಿಯನ್ನು ಮೆಲ್ಲಗೆ ಕೇಳಿ: ಮನೆಯಲ್ಲಿ ಶವರ್ ಬರುತ್ತಾ? ಬಿಸಿನೀರು ಬರುತ್ತಾ? ಬಟ್ಟೆ ಒಗೆಯಲು ಎಲ್ಲಿಗೆ ಹೋಗುತ್ತೀರಿ? ತಪ್ಪು ಹುಡುಕುವ ಧ್ವನಿಯಲ್ಲಿ ಕೇಳಬೇಡಿ. ಆ ತಾಯಿ ಅದನ್ನು ಜೀವಮಾನವಿಡೀ ಕೇಳಿದ್ದಾಳೆ. ಶವರ್ ಇಲ್ಲ ಎಂದರೆ ಅದನ್ನೂ ರೋಗಿಯ ದಾಖಲೆಯಲ್ಲಿ ಬರೆಯಿರಿ, ಪರಿಸರ ಆರೋಗ್ಯ ನೋಡುವವರಿಗೆ ರೆಫರಲ್ ಕಳಿಸಿ. ರಿಪೇರಿಗೆ ಫೋನ್ ಮಾಡಲು ಅವರಿಗೆ ಇಂಗ್ಲಿಷ್ ತೊಡಕಾಗಿದ್ದರೆ, ಅವರು ಒಪ್ಪಿದರೆ, ಕ್ಲಿನಿಕ್‌ನ ಫೋನಿನಿಂದ ಅವರ ಜೊತೆ ಕೂತು ಮಾಡಿ. ಊರಿನ ಆರೋಗ್ಯ ಕಾರ್ಯಕರ್ತರ ಮಾತು ಕೇಳಿ ನಡೆಯಿರಿ, ಯಾರ ಮನೆಯಲ್ಲಿ ಏನು ಕೆಟ್ಟಿದೆ ಎಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ದೂರು ಕೊಟ್ಟ ದಿನಾಂಕ, ಅವರು ಕೊಟ್ಟ ನಂಬರ್ ಎರಡನ್ನೂ ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ರಿಪೇರಿ ಬಾರದೆ ವಿಷಯ ಟ್ರಿಬ್ಯೂನಲ್‌ವರೆಗೆ ಹೋದರೆ ಆ ಚೀಟಿ ಅವರಿಗೆ ಬೇಕಾಗುತ್ತದೆ.